ಉರಿಯ ನಡುವೆ ಹಾದಿ ಯಾರದು?

ಕಾಡುಕಿಚ್ಚು ಎಂಬ ಮಾತು ಘಟ್ಟದ ತಪ್ಪಲಿನಲ್ಲಿ ವಾಸಿಸುವ ನಮ್ಮ ವಾಚಕರಿಗೆ ಹೊಸದಲ್ಲ. ಮಳೆ ನಿಂತು ನಾಲ್ಕಾರು ತಿಂಗಳಾದ ಮೇಲೆ, ಗುಡ್ಡದ ಹುಲ್ಲು ಒಣಗಿ ಕಾಲಿಗೆ ಚುಚ್ಚುವ ಕಾಲದಲ್ಲಿ, ರಾತ್ರಿ ಅಂಗಳದಲ್ಲಿ ನಿಂತು ದೂರದ ಬೆಟ್ಟದ ಮೇಲೆ ಕೆಂಪು ಗೆರೆಯೊಂದು ಹರಿದಾಡುವದನ್ನು ನಾವೆಲ್ಲರೂ ಕಂಡಿದ್ದೇವೆ. ಕಂಡು, ಗಾಳಿಯು ಯಾವ ದಿಕ್ಕಿನದೆಂದು ಒಂದು ಕ್ಷಣ ವಿಚಾರಿಸಿ, ನಮ್ಮ ಕಡೆಗಲ್ಲವೆಂದು ಗೊತ್ತಾದರೆ ಒಳಗೆ ಹೋಗಿ ಮಲಗಿದ್ದೇವೆ. ಆದರೆ ಉರಿಯು ಒಂದು ಗುಡ್ಡವನ್ನಲ್ಲ, ಒಂದು ಸೀಮೆಯನ್ನೇ ಹಿಡಿದುಕೊಂಡು, ಸಾವಿರಾರು ಕುಟುಂಬಗಳು ಒಂದೇ ಗಳಿಗೆಯಲ್ಲಿ ಮನೆಬಿಟ್ಟು ಒಂದೇ ಹಾದಿಗೆ ಇಳಿಯಬೇಕಾದಾಗ ಮನುಷ್ಯನ ಮುಂದೆ ಬರುವ ಪ್ರಶ್ನೆಯು ಬೇರೆ. ಆಗ ಆ ಹಾದಿಯು ಯಾರದು? ಮೊದಲು ಬಂದವನದೋ? ಬಲವುಳ್ಳವನದೋ? ಅಧಿಕಾರಿಯು ಯಾರ ಸರದಿಯನ್ನು ಕರೆದನೋ ಅವನದೋ? ಇಲ್ಲವೆ ನಡೆಯಲಾರದವನದೋ? ಈ ಪ್ರಶ್ನೆಯನ್ನು ಎತ್ತುವದಕ್ಕೆ ನಮಗೆ ಸ್ವಂತವಾದ ಒಂದು ಕಾರಣವುಂಟು. ಅದನ್ನು ಕಡೆಯಲ್ಲಿ ಹೇಳುವೆವು. ಬರೀ ಮಾತಿನಲ್ಲಿ ಇಂಥಾ ಪ್ರಶ್ನೆಯು ಬಗೆಹರಿಯುವದಿಲ್ಲವಾದ್ದರಿಂದ ಮೊದಲು ಒಂದು ಊರಿನ ವೃತ್ತಾಂತವನ್ನು ವಾಚಕರು ತಾಳ್ಮೆಯಿಂದ ಕೇಳಬೇಕು.

ಅಮೇರಿಕ ದೇಶದ ಕ್ಯಾಲಿಫೋರ್ನಿಯ ಸಂಸ್ಥಾನದ ಉತ್ತರಭಾಗದಲ್ಲಿ ಬ್ಯೂಟ್ ಎಂಬ ಜಿಲ್ಲೆಯುಂಟು. ಅಲ್ಲಿ ಎರಡು ಆಳವಾದ ಕಣಿವೆಗಳ ನಡುವೆ ಆನೆಯ ಬೆನ್ನಿನಂತೆ ಎದ್ದಿರುವ ಒಂದು ಬೆಟ್ಟದ ಮೇಲೆ, ಪೈನ್ ಮರಗಳ ನೆರಳಿನಲ್ಲಿ, ಪ್ಯಾರಡೈಸ್ ಎಂಬ ಪಟ್ಟಣವಿದೆ. ಪರದೈಸು, ಅಂದರೆ ಆನಂದದ ತೋಟವೆಂದು ಆ ಹೆಸರಿಗೆ ಅರ್ಥ. ೨೦೧೮ನೆಯ ಇಸವಿಯಲ್ಲಿ ಅಲ್ಲಿ ಸುಮಾರು ೨೬,೦೦೦ ಜನರಿದ್ದರು. ಅವರಲ್ಲಿ ಕೆಲಸದಿಂದ ನಿವೃತ್ತರಾದ ವೃದ್ಧರು ಬಹಳ. ದೊಡ್ಡ ಪಟ್ಟಣಗಳ ಬಾಡಿಗೆಯನ್ನು ತೆರಲಾರದೆ, ಮರಗಳ ಕೆಳಗೆ ಸಣ್ಣ ಮನೆಯೊಂದನ್ನು ಕೊಂಡುಕೊಂಡು ಕಡೆಯ ದಿನಗಳನ್ನು ಕಳೆಯೋಣವೆಂದು ಬಂದವರು. ಊರಿನಿಂದ ಕೆಳಗಿನ ಬಯಲಿಗೆ ಇಳಿಯುವದಕ್ಕೆ ದಕ್ಷಿಣದಲ್ಲಿ ನಾಲ್ಕು ರಸ್ತೆಗಳು. ಅವುಗಳಲ್ಲಿ ದೊಡ್ಡದು ಸ್ಕೈವೇ ಎಂಬದು. ಅದರಲ್ಲಿ ಇಳಿದರೆ ಚಿಕೊ ಎಂಬ ಪಟ್ಟಣವು ಸುಮಾರು ೧೫ ಮೈಲಿನಲ್ಲಿ ಸಿಕ್ಕುತ್ತದೆ. ಮೋಟಾರಿನಲ್ಲಿ ಅರ್ಧ ತಾಸಿನ ದಾರಿ.

ಊರಿನವರು ಉರಿಯನ್ನು ಅರಿಯದವರಾಗಿರಲಿಲ್ಲ. ೨೦೦೮ನೆಯ ಇಸವಿಯ ಜೂನ್ ತಿಂಗಳಲ್ಲಿ ಬೆಂಕಿಯು ಬೆಟ್ಟವನ್ನು ಏರಿಬಂದಾಗ ಬಹುಜನರು ಒಟ್ಟಿಗೆ ಹೊರಟು, ಬಂಡಿಗಳು ರಸ್ತೆಯಲ್ಲಿ ಸಿಕ್ಕಿಕೊಂಡು ಗಂಟೆಗಟ್ಟಳೆ ನಿಂತವು. ಆ ಭಯವನ್ನು ಕಂಡವರು ತಿರಿಗಿ ಹಾಗಾಗಬಾರದೆಂದು ಒಂದು ಏರ್ಪಾಟನ್ನು ಮಾಡಿದರು. ಊರನ್ನು ೧೪ ವಲಯಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಅಂಕೆಯನ್ನು ಕೊಟ್ಟು, ನಕ್ಷೆಗಳನ್ನು ಹಂಚಿದರು. ಬೆಂಕಿ ಬಂದಾಗ ಉರಿಗೆ ಹತ್ತಿರವಾದ ವಲಯವು ಮೊದಲು ಇಳಿಯತಕ್ಕದ್ದು. ಮಿಕ್ಕವರು ತಮ್ಮ ಅಂಕೆಯನ್ನು ಕರೆಯುವ ತನಕ ಕಾದಿರತಕ್ಕದ್ದು. ಅಗತ್ಯಬಿದ್ದರೆ ದೊಡ್ಡ ರಸ್ತೆಯ ಎರಡು ಪಕ್ಕಗಳನ್ನೂ ಇಳಿಯುವ ಬಂಡಿಗಳಿಗೇ ಬಿಡತಕ್ಕದ್ದು. ಇದರ ನ್ಯಾಯವು ನಮ್ಮ ಕೃಷಿಕ ವಾಚಕರಿಗೆ ಸುಲಭವಾಗಿ ತಿಳಿಯುವದು. ಕೆರೆಯ ತೂಬು ಒಂದೇ, ಗದ್ದೆಗಳು ನೂರು. ಎಲ್ಲರೂ ಒಂದೇ ರಾತ್ರಿ ಕಾಲುವೆಯನ್ನು ತಮ್ಮ ಗದ್ದೆಗೆ ತಿರುಗಿಸಿಕೊಂಡರೆ ಬದು ಒಡೆಯುವದೇ ಹೊರತು ಯಾರ ಪೈರಿಗೂ ನೀರು ಮುಟ್ಟುವದಿಲ್ಲ. ಆದಕಾರಣ ನೀರುಗಂಟಿಯು ಸರದಿಯನ್ನು ಹೇಳುತ್ತಾನೆ, ನಾವು ಕಾಯುತ್ತೇವೆ. ನಾವು ಕಾದ ಹೊತ್ತು ನೆರೆಯವನ ಗದ್ದೆಗೆ ಹೋದ ನೀರೇ ಆಗಿದೆ.

೨೦೧೮ನೆಯ ನವೆಂಬರ ೮ನೆಯ ತಾರೀಕು ಗುರುವಾರ. ಆ ವರ್ಷ ಮಳೆಯು ತಡೆದಿತ್ತು. ಬೇಸಿಗೆಯೆಲ್ಲಾ ಕಳೆದು ಚಳಿಗಾಲವು ಸಮೀಪಿಸಿದರೂ ನೆಲವು ನೆನೆಯುವಷ್ಟು ಮಳೆ ಬಿದ್ದಿರಲಿಲ್ಲ. ಬೆಳಿಗ್ಗೆ ಆರೂವರೆ ಗಂಟೆಯ ಸುಮಾರಿಗೆ, ಊರಿನ ಆಚೆ ಫೆದರ್ ನದಿಯ ಕಣಿವೆಯಲ್ಲಿ, ಸುಮಾರು ನೂರು ವರ್ಷ ಹಳೆಯದಾದ ವಿದ್ಯುತ್ ಗೋಪುರವೊಂದರ ಮೇಲೆ, ಸವೆದುಹೋಗಿದ್ದ ಕಬ್ಬಿಣದ ಕೊಂಡಿಯೊಂದು ತುಂಡಾಯಿತು. ತಂತಿಯಿಂದ ಹಾರಿದ ಕಿಡಿಯು ಒಣಹುಲ್ಲಿಗೆ ಬಿದ್ದಿತು. ಈಶಾನ್ಯದಿಂದ ಕಣಿವೆಯೊಳಗೆ ನುಗ್ಗುತ್ತಿದ್ದ ಬಿರುಗಾಳಿಯು ಅದನ್ನು ಎತ್ತಿಕೊಂಡು ಹೋಯಿತು. ಬೆಂಕಿಯು ನೆಲದ ಮೇಲೆ ಹರಿದುಬರುವದಕ್ಕೆ ಮುಂಚೆಯೇ ಅದರ ಕೆಂಡಗಳು ಗಾಳಿಯಲ್ಲಿ ಹಾರಿಬಂದು ಊರಿನ ಮಾಡುಗಳ ಮೇಲೆಯೂ ತೋಟಗಳ ಮೇಲೆಯೂ ಬಿದ್ದವು. ಎಂಟು ಗಂಟೆಯ ಸುಮಾರಿಗೆ ಊರಿನ ಪೂರ್ವದ ಅಂಚಿಗೆ ಉರಿ ಹತ್ತಿತು. ಮಧ್ಯಾಹ್ನದ ಹೊತ್ತಿಗೆ ಊರಿನ ಬಹುಭಾಗವು ಅದರ ವಶವಾಗಿತ್ತು. ಹೊಗೆಯಿಂದ ಸೂರ್ಯನು ಮರೆಯಾಗಿ ಹಗಲೇ ರಾತ್ರಿಯಾಯಿತು. ಮೋಟಾರುಗಳು ದೀಪ ಹಚ್ಚಿಕೊಂಡು ನಡೆದವು.

ಮೊದಲು ಪೂರ್ವದ ಕೆಲವು ವಲಯಗಳನ್ನು ಮಾತ್ರ ಕರೆದರು. ಏರ್ಪಾಟಿನ ಪ್ರಕಾರ ಅದು ಸರಿಯೇ. ಆದರೆ ಸರದಿಯನ್ನು ಕೂಗುವವನ ಬಾಯಿಗಿಂತ ಕೆಂಡಗಳು ವೇಗವಾಗಿದ್ದವು. ಎಚ್ಚರಿಕೆಯ ಕರೆಯು ಮುಂಚಿತವಾಗಿ ಹೆಸರು ಬರೆಸಿಕೊಂಡವರ ದೂರವಾಣಿಗೆ ಹೋಗತಕ್ಕದ್ದಾಗಿತ್ತು, ಬರೆಸದವರು ಬಹಳ, ಬರೆಸಿದವರಲ್ಲಿಯೂ ಅನೇಕರಿಗೆ ಅದು ಮುಟ್ಟಲಿಲ್ಲ, ಅಷ್ಟರೊಳಗೆ ದೂರವಾಣಿಯ ಗೋಪುರಗಳೇ ಸುಡತೊಡಗಿದವು. ಕೆಲವು ವಲಯಗಳವರಿಗೆ ಹೊರಡಿರೆಂಬ ಅಪ್ಪಣೆಯು ಬರಲೇ ಇಲ್ಲ. ಹೀಗಿರಲಾಗಿ ಎಲ್ಲರೂ ಒಮ್ಮೆಲೇ ಇಳಿದರು. ಅರ್ಧ ತಾಸಿನ ದಾರಿಗೆ ಐದಾರು ತಾಸು ಹಿಡಿಯಿತು. ಚಲಿಸದ ಬಂಡಿಗಳನ್ನು ಅಲ್ಲೇ ಬಿಟ್ಟು ಜನರು ಕಾಲ್ನಡೆಯಾಗಿ ಓಡಿದರು. ಅವರು ಬಿಟ್ಟ ಬಂಡಿಗಳೇ ಹಿಂದಿನವರಿಗೆ ಗೋಡೆಯಾದವು. ಬುಲ್‌ಡೋಜರಿನಿಂದ ಅವುಗಳನ್ನು ಪಕ್ಕಕ್ಕೆ ತಳ್ಳಬೇಕಾಯಿತು. ಇಳಿಯಲಾರದೆ ಹೋದ ನೂರಾರು ಜನರು ಅಂಗಡಿಗಳ ಮುಂದಿನ ಬಯಲುಗಳಲ್ಲಿ, ಸುತ್ತಲೂ ಉರಿಯುತ್ತಿರುವಾಗ, ಗುಂಪಾಗಿ ನಿಂತು ಜೀವ ಉಳಿಸಿಕೊಂಡರು. ಆ ಬೆಂಕಿಯಲ್ಲಿ ಸತ್ತವರು ಒಟ್ಟು ೮೫ ಮಂದಿ. ಸುಟ್ಟ ಕಟ್ಟಡಗಳು ೧೮,೦೦೦ಕ್ಕೂ ಹೆಚ್ಚು; ನೆಲವು ಒಂದೂವರೆ ಲಕ್ಷ ಎಕರೆಗೂ ಮೀರಿತು. ಬೆಂಕಿಯು ಪೂರ್ತಿಯಾಗಿ ಹಿಡಿತಕ್ಕೆ ಬಂದದ್ದು ಆ ತಿಂಗಳ ೨೫ರಂದು.

ಈಗ ನಮ್ಮ ಪ್ರಶ್ನೆಗೆ ಬರೋಣ. ಅಂದು ಬೆಳಿಗ್ಗೆ ಒಬ್ಬನು ತನ್ನ ಅಂಗಳದಲ್ಲಿ ನಿಂತಿದ್ದಾನೆಂದು ಭಾವಿಸಿರಿ. ಪೂರ್ವದಲ್ಲಿ ಆಕಾಶವು ಕಪ್ಪಾಗಿದೆ. ಅವನ ವಲಯದ ಅಂಕೆಯನ್ನು ಯಾರೂ ಕರೆದಿಲ್ಲ. ಈಗಲೇ ಹೊರಟರೆ ಹೆಂಡತಿ ಮಕ್ಕಳನ್ನು ಉಳಿಸಿಕೊಳ್ಳುವನು. ಆದರೆ ಕರೆಯಲ್ಪಟ್ಟವರ ಮುಂದೆ ತನ್ನ ಬಂಡಿಯನ್ನು ತಂದಿಟ್ಟವನಾಗುವನು. ಕಾದರೆ ಸರದಿಯನ್ನು ಕಾಪಾಡಿದವನಾಗುವನು. ಆದರೆ ಕರೆಯು ಬಾರದೆ ಹೋದರೆ? ಇವನು ಮಾಡತಕ್ಕದ್ದೇನು?

ಕಾಯಬೇಕು, ಎಲ್ಲರ ಒಳ್ಳೇದಕ್ಕೋಸ್ಕರ ಇಟ್ಟ ನೇಮವನ್ನು ಒಬ್ಬನು ಮುರಿದರೆ ಎಲ್ಲರೂ ಮುರಿಯುವರು, ಎಂದು ಹೇಳುವವರುಂಟು. ಓಡಬೇಕು, ಜೀವವನ್ನು ಕಾಪಾಡಿಕೊಳ್ಳುವದೇ ಮೊದಲನೆಯ ಧರ್ಮ, ಎಂದು ಹೇಳುವವರು ಇನ್ನೂ ಹೆಚ್ಚು. ಈ ಎರಡು ಮಾತುಗಳಲ್ಲಿಯೂ ನಮಗೆ ಸಮಾಧಾನವಿಲ್ಲ. ಮೊದಲನೆಯದನ್ನು ನೋಡಿರಿ. ಸರದಿ ಎಂಬದು ಒಂದು ವಾಗ್ದಾನವಾಗಿದೆ, ಮತ್ತು ಅದಕ್ಕೆ ಎರಡು ಪಕ್ಷಗಳುಂಟು. ನಾನು ಕಾಯುವೆನೆಂದು ಒಬ್ಬನು ಹೇಳುತ್ತಾನೆ. ನಾನು ಕರೆಯುವೆನೆಂದು ಇನ್ನೊಬ್ಬನು ಹೇಳುತ್ತಾನೆ. ಕರೆಯತಕ್ಕವನ ಬಾಯಿಯೇ ಮುಚ್ಚಿಹೋದ ಮೇಲೆ ಕಾಯುವವನನ್ನು ಕಟ್ಟಿಹಾಕುವ ಹಗ್ಗವು ಯಾವದು? ಕೆರೆಯ ಏರಿಯೇ ಒಡೆದು ನೀರು ನುಗ್ಗುವಾಗ ನೀರುಗಂಟಿಯ ಮಾತಿಗೆ ಯಾರೂ ಕಾಯುವದಿಲ್ಲ. ಕಾಯಬೇಕೆಂದು ನೀರುಗಂಟಿಯೂ ಹೇಳುವದಿಲ್ಲ. ಆದದರಿಂದ ಉರಿಯನ್ನು ಕಣ್ಣಾರೆ ಕಂಡು, ಅಪ್ಪಣೆಯಿಲ್ಲದೆ ಹೊರಟವರನ್ನು ಹಾದಿಗಳ್ಳರೆಂದು ನಾವು ಹೇಳೆವು. ಹಾಗೆಯೇ, ಕಾದು ಸಿಕ್ಕಿಬಿದ್ದವರನ್ನು ಮೂಢರೆಂದೂ ಹೇಳಕೂಡದು. ಅವರು ಕೊಟ್ಟ ಮಾತನ್ನು ನಡಿಸಿದರು. ತಪ್ಪಿದ್ದು ಆಚೆಯ ಪಕ್ಷ.

ಆದರೆ ಎರಡನೆಯ ಮಾತಿನಲ್ಲಿ ಇನ್ನೂ ದೊಡ್ಡ ಮೋಸವುಂಟು. ಸರದಿಯಿಂದ ಬಿಡುಗಡೆಯಾಯಿತು ಅಂದರೆ ನೆರೆಯವನಿಂದಲೂ ಬಿಡುಗಡೆಯಾಯಿತೆಂದು ಮನಸ್ಸು ಒಂದೇ ಉಸಿರಿನಲ್ಲಿ ತೀರ್ಮಾನಿಸಿಬಿಡುತ್ತದೆ. ಹಾಗಲ್ಲ. ಸರದಿಯೆಂಬದು ನೆರೆಯವನ ಅಗತ್ಯಕ್ಕೆ ಅಂಕೆಯನ್ನು ಕೊಡುವ ಒಂದು ಉಪಾಯ ಮಾತ್ರ. ಅಂಕೆಯು ಅಳಿದುಹೋದರೂ ನೆರೆಯವನು ಅಳಿದುಹೋಗುವದಿಲ್ಲ. ಅವನು ಪಕ್ಕದ ಮನೆಯ ಬಾಗಿಲಲ್ಲಿ ನಿಂತೇ ಇದ್ದಾನೆ.

ಇಲ್ಲಿ ಒಬ್ಬ ಬುದ್ಧಿವಂತನು ಆಕ್ಷೇಪಿಸಬಹುದು. ಏನಂದರೆ, ಪ್ರತಿಯೊಬ್ಬನೂ ತನ್ನ ಕಣ್ಣಿಗೆ ತಾನೇ ನ್ಯಾಯಾಧಿಪತಿಯಾದರೆ, ಹೇಡಿಗೆ ಎಲ್ಲಾ ಮೋಡವೂ ಹೊಗೆಯಾಗಿಯೇ ಕಾಣುವದಲ್ಲವೋ? ನಿಜ, ಕಾಣುವದು. ಅದಕ್ಕಾಗಿಯೇ, ಒಬ್ಬನು ಎಷ್ಟು ಗಂಟೆಗೆ ಹೊರಟನೆಂಬದರಿಂದ ಅವನನ್ನು ಅಳೆಯುವದು ವ್ಯರ್ಥವೆಂದು ನಮ್ಮ ಅಭಿಪ್ರಾಯ. ಬೇಗ ಹೊರಟವನು ಹಿಂದಿನವನಿಗೆ ಹಾದಿಯನ್ನು ತೆರವು ಮಾಡಿಕೊಟ್ಟವನೂ ಆಗಬಹುದು. ತಡವಾಗಿ ಹೊರಟವನು ಧೈರ್ಯಶಾಲಿಯೇ ಎಂದೇನೂ ಇಲ್ಲ. ಮನೆಯ ಮೇಲಿನ ಮೋಹದಿಂದ ನಿಂತು, ಕಡೆಗೆ ತನ್ನನ್ನು ಹೊರಗೆಳೆಯಲಿಕ್ಕೆ ಬಂದವರ ಜೀವವನ್ನೂ ಉರಿಗೆ ಒಡ್ಡುವವರನ್ನು ಎಲ್ಲಾ ದೇಶಗಳಲ್ಲಿಯೂ ಕಾಣುತ್ತೇವೆ. ಆದಕಾರಣ ಗಡಿಯಾರವನ್ನು ಬಿಟ್ಟು ಬಂಡಿಯೊಳಗೆ ಇಣಿಕಿ ನೋಡಿರಿ. ಪಕ್ಕದ ಆಸನದಲ್ಲಿ ಯಾರಿದ್ದಾರೆ?

ಆ ದೇಶಗಳಲ್ಲಿ ಕಾಡುಕಿಚ್ಚಿನಿಂದ ಊರು ಬಿಡುವವರ ರೀತಿಯನ್ನು ವಿಚಾರಿಸಿದ ಪಂಡಿತರು, ಅನೇಕ ಕುಟುಂಬಗಳು ಒಂದು ಮೋಟಾರಿನಲ್ಲಿ ಅಲ್ಲ, ಎರಡರಲ್ಲಿ, ಕೆಲವು ಸಾರಿ ಅದಕ್ಕೂ ಹೆಚ್ಚು ಮೋಟಾರುಗಳಲ್ಲಿ ಹೊರಡುತ್ತವೆಂದು ಕಂಡುಕೊಂಡಿದ್ದಾರೆ. ಇದನ್ನು ಕೇಳಿ ನಾವು ನಗಬಾರದು. ನಮ್ಮಲ್ಲಿ ರೈತನಿಗೆ ಜೋಡೆತ್ತು ಹೇಗೋ ಅಲ್ಲಿ ಕೂಲಿಯವನಿಗೆ ಮೋಟಾರು ಹಾಗೆ. ಮನೆ ಸುಟ್ಟುಹೋದರೂ ಅದೊಂದು ಉಳಿದರೆ ನಾಳೆ ಕೆಲಸಕ್ಕೆ ಹೋಗಬಹುದು. ರಾತ್ರಿ ಅದರಲ್ಲಿಯೇ ಮಲಗಲೂಬಹುದು. ನಮ್ಮ ಕೊಟ್ಟಿಗೆಗೆ ಬೆಂಕಿ ಬಿದ್ದರೆ ಒಂದು ಎತ್ತನ್ನು ಬಿಚ್ಚಿ ಇನ್ನೊಂದನ್ನು ಬಿಟ್ಟುಬರುವೆವೋ? ಆದಾಗ್ಯೂ ಲೆಕ್ಕವನ್ನು ಮಾಡಲೇಬೇಕು. ಗಂಡನು ಒಂದರಲ್ಲಿ, ಹೆಂಡತಿಯು ಇನ್ನೊಂದರಲ್ಲಿ, ಪ್ರಾಯಕ್ಕೆ ಬಂದ ಮಗನು ಮತ್ತೊಂದರಲ್ಲಿ ಹೊರಟರೆ ಆಸನಗಳು ೧೫, ಕೂತವರು ೩. ಮಿಕ್ಕ ೧೨ ಖಾಲಿ ಆಸನಗಳೂ ರಸ್ತೆಯಲ್ಲಿ ಜಾಗವನ್ನು ಹಿಡಿದೇ ಇಳಿಯುತ್ತವೆ. ಪೂರ್ತಿ ಖಾಲಿಯೂ ಅಲ್ಲ. ಹೊದಿಕೆ, ಪಾತ್ರೆ, ಮದುವೆಯ ಚಿತ್ರಗಳು, ಕಾಗದಪತ್ರಗಳು ಇರುತ್ತವೆ.

ಪ್ಯಾರಡೈಸಿನ ಉರಿಯಲ್ಲಿ ಸತ್ತ ೮೫ ಮಂದಿಯಲ್ಲಿ ಬಹುಮಂದಿ ೬೫ ವರ್ಷ ದಾಟಿದವರು. ಕೆಲವರು ರಸ್ತೆಯಲ್ಲಿ, ಬಂಡಿಗಳೊಳಗೆ ಸತ್ತರು. ಆದರೆ ಹೆಚ್ಚಿನವರ ಅವಶೇಷಗಳು ಸಿಕ್ಕಿದ್ದು ಅವರ ಮನೆಗಳಲ್ಲಿ, ಇಲ್ಲವೆ ಮನೆಯ ಹತ್ತಿರದಲ್ಲಿ. ಅವರಲ್ಲಿ ರೋಗಿಗಳಿದ್ದರು, ನಡೆಯಲಾರದವರಿದ್ದರು, ಬಂಡಿ ಓಡಿಸಲಾರದವರಿದ್ದರು. ಆ ಮನೆಗಳ ಮುಂದಿನ ಬೀದಿಯಲ್ಲಿ ಅಂದು ಬೆಳಿಗ್ಗೆ ಒಂದು ಬಂಡಿಯೂ ಹೋಗಲಿಲ್ಲವೋ? ಹೋಗಿರಬೇಕು. ಹೀಗೆ ಬರೆಯುವಾಗ ನಮ್ಮ ಕೈ ತಡೆಯುತ್ತದೆ. ಯಾಕಂದರೆ ಹೊಗೆಯಲ್ಲಿ ಮಾರು ದೂರ ಕಾಣದೆ, ಹಿಂದಿನ ಆಸನದಲ್ಲಿ ಮಕ್ಕಳು ಅಳುತ್ತಿರುವಾಗ ಓಡಿದವರನ್ನು ನಮ್ಮ ಜಗಲಿಯ ಮೇಲೆ ಕೂತು ತೀರ್ಪು ಮಾಡುವದು ಸುಲಭ. ಅವರಲ್ಲಿ ಅನೇಕರಿಗೆ ಪಕ್ಕದ ಮನೆಯಲ್ಲಿ ಯಾರಿದ್ದಾರೆಂಬದೇ ತಿಳಿದಿರಲಿಕ್ಕಿಲ್ಲ. ಆದರೆ ತಿಳಿಯದೆ ಇದ್ದದ್ದು ಆ ಬೆಳಿಗ್ಗೆ ಹುಟ್ಟಿದ ಸಂಗತಿಯಲ್ಲ. ಅದು ಹತ್ತು ವರ್ಷಗಳಿಂದ ಬೇಲಿಯ ಆಚೆಗೆ ನೋಡದೆ ಬಂದದ್ದರ ಫಲ.

ಅದೇ ರಸ್ತೆಗಳಲ್ಲಿ ತುಂಬಿದ ಆಸನಗಳೂ ಇಳಿದವು, ಅದನ್ನೂ ಹೇಳಬೇಕು. ಊರಿನ ಪೂರ್ವದ ಅಂಚಿನಲ್ಲಿ ಒಂದು ಆಸ್ಪತ್ರೆಯಿತ್ತು. ಒಳಗಿದ್ದ ರೋಗಿಗಳೆಲ್ಲರಿಗೆ ಸಾಲುವಷ್ಟು ಆಸ್ಪತ್ರೆಯ ಬಂಡಿಗಳು ಸಿಕ್ಕದೆ ಹೋಗಲು, ದಾದಿಯರೂ ವೈದ್ಯರೂ ಅವರನ್ನು ತಮ್ಮ ತಮ್ಮ ಮೋಟಾರುಗಳಲ್ಲಿ ಕೂರಿಸಿಕೊಂಡು ಹೊರಟರು. ದಾರಿಯು ಉರಿಯಿಂದ ಮುಚ್ಚಿದ್ದನ್ನು ಕಂಡು ಕೆಲವರು ಹಿಂದಿರುಗಿ, ಆಸ್ಪತ್ರೆಯ ಪಕ್ಕದಲ್ಲಿ ಹೆಲಿಕಾಪ್ಟರು ಇಳಿಯುವ ಬಯಲಿನಲ್ಲಿಯೇ ರೋಗಿಗಳನ್ನು ಮಲಗಿಸಿ ಶುಶ್ರೂಷೆಯನ್ನು ನಡಿಸಿದರು.

ಇನ್ನೊಂದು ಸಂಗತಿಯನ್ನು ಆ ದೇಶದವರು ಈಗಲೂ ಹೇಳುತ್ತಾರೆ. ಅದನ್ನು ೨೦೨೫ರಲ್ಲಿ ಚಲಚ್ಚಿತ್ರವಾಗಿಯೂ ತೋರಿಸಿದರು. ಪಾಂಡರೋಸ ಎಂಬ ಪ್ರಾಥಮಿಕ ಶಾಲೆಯಲ್ಲಿ ೨೨ ಮಕ್ಕಳು ಉಳಿದುಹೋದರು. ಅವರ ತಂದೆತಾಯಿಗಳಿಗೆ ಶಾಲೆಯ ತನಕ ಬರಲಿಕ್ಕೆ ಆಗಲಿಲ್ಲ. ಕೆವಿನ್ ಮೆಕೇ ಎಂಬ ಬಸ್ಸಿನ ಚಾಲಕನು ಆ ಮಕ್ಕಳನ್ನೂ ಇಬ್ಬರು ಶಿಕ್ಷಕಿಯರನ್ನೂ ಹತ್ತಿಸಿಕೊಂಡು ಹೊರಟನು. ಅವನು ಆ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿತ್ತು. ದೊಡ್ಡ ಮಕ್ಕಳನ್ನು ಚಿಕ್ಕ ಮಕ್ಕಳ ಪಕ್ಕದಲ್ಲಿ ಕೂರಿಸಿದರು. ಹೊಗೆಯು ಬಸ್ಸಿನೊಳಗೆ ತುಂಬಿ ಮಕ್ಕಳಿಗೆ ಮಂಪರು ಹತ್ತಲು, ಚಾಲಕನು ತನ್ನ ಅಂಗಿಯೊಂದನ್ನು ಬಿಚ್ಚಿಕೊಟ್ಟನು. ಅದನ್ನು ಚೂರುಚೂರಾಗಿ ಹರಿದು, ಇದ್ದ ಅಲ್ಪ ಕುಡಿಯುವ ನೀರಿನಲ್ಲಿ ನೆನೆಸಿ, ಒಬ್ಬೊಬ್ಬರಿಗೆ ಒಂದೊಂದು ಚೂರನ್ನು ಮೂಗಿಗೆ ಹಿಡಿಯಲು ಕೊಟ್ಟರು. ಹೀಗೆ ಐದು ತಾಸು. ಎಲ್ಲಾ ಮಕ್ಕಳೂ ಉಳಿದರು. ಆ ಬಸ್ಸು ರಸ್ತೆಯಲ್ಲಿ ಎರಡು ಮೂರು ಮೋಟಾರುಗಳ ಜಾಗವನ್ನು ಹಿಡಿದಿತ್ತು. ಆ ಜಾಗವನ್ನು ಅದಕ್ಕೆ ಬಿಡಬಾರದಾಗಿತ್ತೆಂದು ಹೇಳುವವನು ಎಲ್ಲಾದರೂ ಇದ್ದಾನೋ?

ಮನೆಯವನ ಆಸನದ ಲೆಕ್ಕವನ್ನು ಇಷ್ಟು ಬಿಗಿಯಾಗಿ ಕೇಳಿದ ನಾವು ದೊಡ್ಡವರ ಲೆಕ್ಕವನ್ನು ಬಿಟ್ಟುಬಿಡಬಾರದು. ಆ ಉರಿಗೆ ಕೆಲವು ವರ್ಷಗಳ ಮುಂಚೆ, ಪೇಟೆಯ ನಡುವೆ ನಡೆಯುವವರಿಗೆ ಅನುಕೂಲವಾಗಲೆಂದು ಸ್ಕೈವೇ ರಸ್ತೆಯ ಒಂದು ಭಾಗವನ್ನು ನಾಲ್ಕು ಸಾಲಿನಿಂದ ಎರಡಕ್ಕೆ ಇಳಿಸಿದ್ದರು. ಸವೆದ ಕೊಂಡಿಯಿದ್ದ ತಂತಿಯ ಒಡೆಯರಾದ ಪೆಸಿಫಿಕ್ ಗ್ಯಾಸ್ ಅಂಡ್ ಇಲೆಕ್ಟ್ರಿಕ್ ಕಂಪೆನಿಯವರು ೨೦೨೦ನೆಯ ಜೂನ್ ತಿಂಗಳಲ್ಲಿ ನ್ಯಾಯಸ್ಥಾನದ ಮುಂದೆ ೮೪ ಮರಣಗಳ ವಿಷಯದಲ್ಲಿ ತಪ್ಪಿತಸ್ಥರೆಂದು ಒಪ್ಪಿಕೊಂಡರು. ಆ ಕೊಂಡಿಯನ್ನು ಬದಲಾಯಿಸುವದಕ್ಕೆ ಹೆಚ್ಚು ಹಣ ಬೇಕಾಗಿರಲಿಲ್ಲ. ಉರಿಯ ದಿನದಲ್ಲಿ ಬಡವನು ತನ್ನ ಎರಡನೆಯ ಬಂಡಿಯನ್ನು ಬಿಟ್ಟುಬರಬೇಕೋ ಬೇಡವೋ ಎಂದು ತೊಳಲುವದಕ್ಕೆ ಅದಕ್ಕೂ ಬಹಳ ಹಿಂದೆ ಬೇರೆ ಯಾರೋ ಕಾರಣರಾಗಿರುತ್ತಾರೆ. ಇದನ್ನು ಮರೆಯುವ ನೀತಿಬೋಧಕನು ಅರ್ಧ ಲೆಕ್ಕವನ್ನು ಮಾತ್ರ ಓದಿದವನು.

ಸರದಿಯೇ ನಿಷ್ಪ್ರಯೋಜಕವೆಂದು ನಾವು ಹೇಳಿದೆವೆಂದು ಯಾರೂ ತಿಳಿಯಬಾರದು. ಅದಕ್ಕೆರಡು ವರ್ಷ ಮುಂಚೆ, ೨೦೧೬ನೆಯ ಮೇ ತಿಂಗಳಲ್ಲಿ, ಕೆನಡ ದೇಶದ ಆಲ್ಬರ್ಟ ಪ್ರಾಂತದಲ್ಲಿರುವ ಫೋರ್ಟ್ ಮೆಕ್‌ಮರ್ರಿ ಎಂಬ ಊರಿಗೆ ಕಾಡುಕಿಚ್ಚು ನುಗ್ಗಿತು. ಆ ತಿಂಗಳ ೩ನೆಯ ತಾರೀಕಿನಲ್ಲಿ ೮೦,೦೦೦ಕ್ಕೂ ಹೆಚ್ಚು ಜನರು ಊರು ಬಿಡಬೇಕಾಯಿತು. ಅವರಿಗೆ ಇದ್ದದ್ದು ಒಂದೇ ಹೆದ್ದಾರಿ. ದಕ್ಷಿಣದ ದಾರಿಯು ಉರಿಯಿಂದ ಕಟ್ಟಿದಾಗ ಸುಮಾರು ೨೫,೦೦೦ ಜನರು ಉತ್ತರಕ್ಕೆ, ಎಣ್ಣೆಯ ಗಣಿಗಳ ಕೆಲಸಗಾರರ ಬಿಡಾರಗಳಿಗೆ ಓಡಿದರು. ಅಲ್ಲಿಂದ ಮುಂದಕ್ಕೆ ಹೋಗಲು ದಾರಿಯಿರಲಿಲ್ಲ. ಮೂರು ದಿನಗಳ ಮೇಲೆ ಪೊಲೀಸರು ೫೦ ೫೦ ಬಂಡಿಗಳನ್ನು ಒಂದೊಂದು ಸಾಲಾಗಿ ಮಾಡಿ, ಮೇಲೆ ಹೆಲಿಕಾಪ್ಟರುಗಳು ಉರಿಯನ್ನು ನೋಡುತ್ತಿರುವಾಗ, ಹೊಗೆಯಾಡುವ ಊರಿನ ನಡುವೆ ಅವರನ್ನು ದಕ್ಷಿಣಕ್ಕೆ ದಾಟಿಸಿದರು. ಕರೆಯುವೆನೆಂದವನು ಕರೆದದ್ದು ಮಾತ್ರವಲ್ಲ, ತಾನೂ ಸಂಗಡ ನಡೆದನು. ಆ ಹಾದಿಯಲ್ಲಿ ಪೆಟ್ರೋಲು ತೀರಿ ಪಕ್ಕಕ್ಕೆ ನಿಂತ ಬಂಡಿಗಳು ಬಹಳವಿದ್ದವು. ದಕ್ಷಿಣದ ಊರುಗಳಿಂದ ಗುರುತು ಪರಿಚಯವಿಲ್ಲದವರು ಡಬ್ಬಿಗಳಲ್ಲಿ ಪೆಟ್ರೋಲನ್ನೂ ನೀರನ್ನೂ ತುಂಬಿಕೊಂಡು ಉರಿಯ ಕಡೆಗೇ ಬಂದು, ಬೆಲೆ ತೆಗೆದುಕೊಳ್ಳದೆ ಕೊಟ್ಟುಹೋದರು. ಉರಿಯಲ್ಲಿ ಒಬ್ಬರೂ ಸಾಯಲಿಲ್ಲ. ಆದರೆ ಓಡುವ ದಾರಿಯಲ್ಲಿ ಬಂಡಿಗಳು ಡಿಕ್ಕಿ ಹೊಡೆದು ಪ್ರಾಯದವರಿಬ್ಬರು ಸತ್ತರು.

ಉರಿಯ ಸೀಮೆಯಲ್ಲಿ ಮನೆಯಿಲ್ಲದೆ ಬರೀ ಪ್ರಯಾಣಕ್ಕಾಗಿ ಬಂದವನ ವಿಷಯವೂ ಒಂದುಂಟು. ೨೦೧೯ನೆಯ ಡಿಸೆಂಬರ ಕಡೆಯಲ್ಲಿ ಆಸ್ಟ್ರೇಲಿಯದ ಆಗ್ನೇಯ ಕರಾವಳಿಯು ಉರಿಯುತ್ತಿತ್ತು. ಅಲ್ಲಿ ಅದು ಬೇಸಿಗೆಯ ರಜೆಯ ಕಾಲ. ಸಮುದ್ರತೀರದ ಸಣ್ಣ ಊರುಗಳು ಅತಿಥಿಗಳಿಂದ ತುಂಬಿದ್ದವು. ಮಲ್ಲಕೂಟ ಎಂಬ ಊರಲ್ಲಿ ವರ್ಷದ ಕಡೆಯ ದಿನ ಸುಮಾರು ೪,೦೦೦ ಜನರು ನೀರಿನ ಅಂಚಿನಲ್ಲಿ, ಕೆಂಪಾದ ಆಕಾಶದ ಕೆಳಗೆ ನಿಂತಿದ್ದರು. ಜನವರಿ ೩ರಂದು ನೌಕಾದಳದ ಹಡಗೊಂದು ಸಾವಿರಕ್ಕೂ ಹೆಚ್ಚು ಜನರನ್ನು ಹತ್ತಿಸಿಕೊಂಡಿತು. ಪಕ್ಕದ ನ್ಯೂ ಸೌತ್ ವೇಲ್ಸ್ ಪ್ರಾಂತದವರು ಜನವರಿ ೨ರಂದು, ಪ್ರವಾಸಿಗಳೆಲ್ಲರೂ ದಕ್ಷಿಣ ಕರಾವಳಿಯನ್ನು ಬಿಟ್ಟುಹೋಗಬೇಕೆಂದು ಹೇಳಿದರು. ನಮ್ಮ ದೇಶದ ಮರ್ಯಾದೆಯಲ್ಲಿ ಅತಿಥಿಗೆ ಮೊದಲು ಎಲೆ ಹಾಕುತ್ತೇವೆ. ಉರಿ ಬಂದಾಗ ಅತಿಥಿಯು ಮೊದಲು ಎಲೆ ಬಿಟ್ಟು ಏಳತಕ್ಕದ್ದು. ಅವನ ಜೀವವು ಹಗುರವೆಂದಲ್ಲ. ಅವನಿಗೆ ಬೇರೆ ಕಡೆಯಲ್ಲಿ ಮನೆಯುಂಟು, ಮತ್ತು ಅವನು ಕುಡಿಯುವ ನೀರು, ಅವನ ಬಂಡಿಗೆ ಹಾಕುವ ಪೆಟ್ರೋಲು, ಅವನು ಹಿಡಿದ ರಸ್ತೆ, ಬೇರೆ ಮನೆಯಿಲ್ಲದವರ ಪಾಲಿನದು. ಇನ್ನು ಉರಿಯನ್ನು ನೋಡಬೇಕೆಂದೇ ಆ ಕಡೆಗೆ ಹೋಗುವವನ ವಿಷಯದಲ್ಲಿ ನಾವು ಕಾಗದವನ್ನು ಕೆಡಿಸುವದಿಲ್ಲ.

ಹಾದಿಯು ಕೆಳಗಿನ ಊರಿನಲ್ಲಿ ಮುಗಿಯಿತೋ ಅಂದರೆ ಅದೂ ಇಲ್ಲ. ಪ್ಯಾರಡೈಸಿನಿಂದ ಇಳಿದವರಲ್ಲಿ ಅನೇಕರು ಚಿಕೊ ಪಟ್ಟಣದಲ್ಲಿ ದೊಡ್ಡ ಅಂಗಡಿಯೊಂದರ ಮುಂದಿನ ಬಯಲಿನಲ್ಲಿ ಗುಡಾರ ಹಾಕಿಕೊಂಡು, ನವೆಂಬರ ತಿಂಗಳ ಚಳಿಯಲ್ಲಿ ವಾರಗಟ್ಟಳೆ ಇದ್ದರು. ಸಭಾಗೃಹಗಳ ನೆಲದ ಮೇಲೆ ಹಾಸಿಗೆಗಳನ್ನು ಹಾಸಿದರು. ಹೊಗೆಯು ಮಾತ್ರ ಯಾರ ಸರದಿಯನ್ನೂ ಕೇಳದೆ ನೂರೈವತ್ತು ಮೈಲಿನಾಚೆಯ ಸಾನ್‌ಫ್ರಾನ್ಸಿಸ್ಕೋ ನಗರಕ್ಕೆ ಮುಟ್ಟಿ, ಅಲ್ಲಿಯ ಶಾಲೆಗಳನ್ನು ಮುಚ್ಚಿಸಿತು. ೨೦೨೦ರ ಜನಗಣತಿಯಲ್ಲಿ ಪ್ಯಾರಡೈಸಿನ ಜನಸಂಖ್ಯೆಯು ೪,೭೬೪.

ನಮ್ಮ ಕಾರಣವನ್ನು ಹೇಳುವೆವೆಂದು ಮಾತು ಕೊಟ್ಟಿದ್ದೇವೆ. ಕೆಲವು ವರ್ಷಗಳ ಹಿಂದೆ, ಮಾರ್ಚಿ ತಿಂಗಳ ಒಂದು ಸಾಯಂಕಾಲ, ನಾವಿದ್ದ ಊರಿನ ಹಿಂದಿನ ಹುಲ್ಲುಗುಡ್ಡಕ್ಕೆ ಬೆಂಕಿ ಬಿದ್ದಿತು. ಗಾಳಿಯು ಊರಿನ ಕಡೆಗೇ ಇತ್ತು. ಗಂಡಸರಲ್ಲಿ ಕೆಲವರು ಸೊಪ್ಪಿನ ಕೊಂಬೆಗಳನ್ನು ಹಿಡಿದು ಮೇಲಕ್ಕೆ ಓಡಿದರು. ನಮ್ಮ ವಶದಲ್ಲಿ ಆಗ ಒಂದು ವ್ಯಾನು ಇತ್ತು. ನಾವೂ ನಮ್ಮ ಮನೆಯವರೂ ಸೇರಿ ಅದಕ್ಕೆ ಪುಸ್ತಕಗಳ ಎರಡು ಪೆಟ್ಟಿಗೆಗಳನ್ನೂ ಹೊಲಿಗೆಯ ಯಂತ್ರವನ್ನೂ ಒಂದು ಮೂಟೆ ಅಕ್ಕಿಯನ್ನೂ ತುಂಬಿ, ಮಕ್ಕಳನ್ನು ಮುಂದೆ ಕೂರಿಸಿಕೊಂಡು, ಯಾರ ಮಾತಿಗೂ ಕಾಯದೆ ಹೊರಟೆವು. ರಸ್ತೆಯ ತಿರುವಿನಲ್ಲಿ ಒಬ್ಬ ಅಜ್ಜಿಯು ಒಂಟಿಯಾಗಿ ಇರುತ್ತಿದ್ದರು. ಅವರಿಗೆ ಕೋಲಿಲ್ಲದೆ ಹತ್ತು ಹೆಜ್ಜೆ ಆಗುತ್ತಿರಲಿಲ್ಲ. ಅವರು ಜಗಲಿಯ ಕಂಬವನ್ನು ಹಿಡಿದು ನಿಂತದ್ದನ್ನು ನಾವು ಕಂಡೆವು. ಹಿಂದೆ ಬರುವವರು ಯಾರಾದರೂ ಕರೆತರುವರೆಂದು ನೆನಸಿದೆವು. ಹಿಂದೆ ಬಂದವರು, ಉಪದೇಶಿಯವರ ವ್ಯಾನು ಮೊದಲೇ ಹೋಗಿದೆಯಾದ್ದರಿಂದ ಅಜ್ಜಿ ಅದರಲ್ಲಿ ಹೋಗಿರಬೇಕೆಂದು ನೆನಸಿದರು. ಅವರೇ ಮರುದಿನ ನಮಗೆ ಹಾಗೆ ಹೇಳಿದರು.

ಉರಿಯು ಊರ ಮೇಲಿನ ಒಣಹಳ್ಳದ ಮರಳಿನ ತನಕ ಬಂದು, ರಾತ್ರಿ ಗಾಳಿ ನಿಂತಾಗ ತಾನೂ ನಿಂತಿತು. ಬೆಳಿಗ್ಗೆ ನಾವು ಹಿಂದಿರುಗಿದಾಗ ಅಜ್ಜಿಯು ಕೋಲನ್ನು ಗೋಡೆಗೆ ಒರಗಿಸಿ, ಜಗಲಿಯ ಅಂಚಿನಲ್ಲಿ ಕೂತು, ಮೋಟು ಹಿಡಿಯೊಂದರಿಂದ ಬೂದಿಯನ್ನು ಗುಡಿಸುತ್ತಿದ್ದರು. ವ್ಯಾನನ್ನು ನಿಲ್ಲಿಸಿದೆವು. ಏನು ಹೇಳಬೇಕೆಂದು ತೋಚಲಿಲ್ಲ. ಹಿಂದಿನ ಸಂಜೆ ಅವಸರದಲ್ಲಿ ವ್ಯಾನಿನ ಹಿಂಬಾಗಿಲನ್ನು ಸರಿಯಾಗಿ ಮುಚ್ಚಿರಲಿಲ್ಲ. ಒಳಗಿದ್ದದ್ದು ಅವರಿಗೆ ಕಂಡಿರಬೇಕು. ಅವರೇ ತಲೆಯೆತ್ತಿ ನೋಡಿ,

“ಉಪದೇಶಿಯವರೇ, ಪುಸ್ತಕಗಳಿಗೆ ಏನೂ ಆಗಲಿಲ್ಲವಲ್ಲ?” ಎಂದು ಕೇಳಿದರು.

ಆಗಲಿಲ್ಲವೆಂದು ಹೇಳಿದೆವು.